ಕೈ ಕಟ್, ಬಾಯ್ ಮುಚ್

ನಮ್ಮ ಶಾಲೆಗಳಲ್ಲಿ ಮಕ್ಕಳು ‘ಅ ಆ ಇ ಈ’ಗಿಂತ ಮೊದಲು ಕಲಿಯುವುದು ನಾಲ್ಕು ಪದಗಳನ್ನು. ಕೈ ಕಟ್, ಬಾಯ್ ಮುಚ್. ನಾವೂ ಕಲಿತೆವು, ನಮ್ಮ ಅಮ್ಮಂದಿರೂ ಕಲಿತರು. ಇಂಗ್ಲಿಷ್ ಶಾಲೆಗಳಲ್ಲಿ ‘ಫಿಂಗರ್ ಆನ್ ಯುವರ್ ಲಿಪ್ಸ್’ ಎಂದು ಸ್ವಲ್ಪ ನಯವಾಗಿ ಹೇಳುತ್ತಾರೆ, ಅಷ್ಟೇ ವ್ಯತ್ಯಾಸ. ಕಟ್ಟಿದ ಕೈ, ಮುಚ್ಚಿದ ಬಾಯಿ, ಅಲುಗದ ಮೈ, ಈ ಮೂರೂ ಇದ್ದರೆ ಮಗು ಕಲಿಯುತ್ತಿದೆ ಎಂಬ ನಂಬಿಕೆ ನಮ್ಮಲ್ಲಿ ಮತಧರ್ಮದಷ್ಟೇ ಗಟ್ಟಿ. ಬೆಂಚಿನ ಮೇಲೆ ತೂಗಾಡುವ ಹುಡುಗ, ಗಂಟೆ ಹೊಡೆದರೆ ಕಿವಿ ಮುಚ್ಚಿಕೊಳ್ಳುವ ಹುಡುಗಿ, ಮೂರನೇ ಕ್ಲಾಸಿಗೆ ಬಂದರೂ ‘ಧ’ವನ್ನು ‘ದ’ ಎಂದೇ ಓದುವ ಮಗು, ಇವರೆಲ್ಲ ಈ ಧರ್ಮದಲ್ಲಿ ಪಾಪಿಗಳು.

ಇಂಥ ಮಕ್ಕಳಿಗೆ ಈಗ ‘ನ್ಯೂರೋಡೈವರ್ಸ್’ ಎಂಬ ಹೆಸರು ಬಂದಿದೆ. 1990ರ ದಶಕದ ಕೊನೆಗೆ ಹೊರದೇಶಗಳಲ್ಲಿ ಹುಟ್ಟಿದ ಮಾತು. ಮೆದುಳುಗಳೂ ಮುಖಗಳ ಹಾಗೆ, ಒಂದರಂತೆ ಇನ್ನೊಂದಿಲ್ಲ. ಡಿಸ್ಲೆಕ್ಸಿಯ, ಆಟಿಸಂ, ಎಡಿಎಚ್‌ಡಿ ಎಂದು ನಾವು ಕರೆಯುವುದೆಲ್ಲ ಆ ಭಿನ್ನತೆಯ ಬೇರೆ ಬೇರೆ ಬಗೆಗಳು ಎಂಬುದು ಅದರ ತಾತ್ಪರ್ಯ. ಹೆಸರು ಚೆನ್ನಾಗಿಯೇ ಇದೆ. ಹೆಸರಿನ ಜೊತೆಜೊತೆಗೇ ಮೆದುಳಿನ ವಿಜ್ಞಾನ ಎಷ್ಟೋ ಸಂಗತಿಗಳನ್ನು ಕಂಡುಕೊಂಡಿತು. ನನ್ನ ಜಗಳ ಇರುವುದು ಇಲ್ಲಿ. ಹೆಸರು ಶಾಲೆಯ ಆಫೀಸಿನವರೆಗೆ ಬಂತು, ಫೀಸು ವಸೂಲಿ ಮಾಡುವವರ ಬೋರ್ಡಿನವರೆಗೂ ಬಂತು. ಕಂಡುಕೊಂಡದ್ದು ಮಾತ್ರ ಕಪ್ಪುಹಲಗೆಯ ಹತ್ತಿರ ಸುಳಿಯಲಿಲ್ಲ.

ನಾನಿರುವ ಹೊರಮಾವಿನಲ್ಲಿ ಮಾವು ಹೆಸರಿಗಷ್ಟೇ ಉಳಿದಿದೆ, ಮರಗಳಿಗಿಂತ ಟ್ಯೂಷನ್ನಿನ ಬೋರ್ಡುಗಳೇ ಹೆಚ್ಚು. ರಿಂಗ್ ರೋಡು ಬಿಟ್ಟು ಅಗರದ ಕಡೆ ನಡೆದರೆ ಅಬಾಕಸ್, ಫೋನಿಕ್ಸ್, ವೇದಿಕ್ ಮ್ಯಾಥ್ಸ್, ಮತ್ತೆ ‘ಬ್ರೈನ್’ ಎಂದು ಶುರುವಾಗುವ ಇನ್ನೊಂದಿಷ್ಟು. ಒಂದು ಕಡೆ ಬಲಮೆದುಳನ್ನು ಎಬ್ಬಿಸಿಕೊಡುತ್ತಾರಂತೆ. (ಬಲಮೆದುಳು ನಿಜವಾಗಿ ಮಲಗಿದ್ದರೆ ಮಗು ಎಡಗೈಯನ್ನೇ ಎತ್ತಲಾರದು, ಅದು ಬೇರೆ ಮಾತು.) ಕೆಲವು ವರ್ಷಗಳ ಹಿಂದೆ ‘ಮಿಡ್‌ಬ್ರೈನ್ ಆಕ್ಟಿವೇಶನ್’ ಎಂಬ ಹುಚ್ಚು ನಮ್ಮ ರಾಜ್ಯದಲ್ಲೂ ಹಬ್ಬಿತ್ತು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಮಕ್ಕಳು ಪುಸ್ತಕ ಓದುತ್ತಾರೆ, ಬಣ್ಣ ಹೇಳುತ್ತಾರೆ ಎಂದು ತೋರಿಸಿ ಸಾವಿರಗಟ್ಟಲೆ ದುಡ್ಡು ತೆಗೆದುಕೊಳ್ಳುತ್ತಿದ್ದರು. ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ಅದರ ಬಂಡವಾಳವನ್ನು ಬಯಲಿಗೆಳೆದರು. ಮೂಗಿನ ಪಕ್ಕದ ಸಂದಿಯಿಂದ ಮಗು ಇಣುಕುತ್ತದೆ, ಇರುವ ವಿದ್ಯೆ ಅಷ್ಟೇ. ಸಂದಿ ಮುಚ್ಚಿದರೆ ಓದೂ ನಿಂತಿತು! ಮಿಡ್‌ಬ್ರೈನ್ ಎಂಬುದು ಎಲ್ಲ ಮಕ್ಕಳಲ್ಲೂ ಫೀಸಿಲ್ಲದೆಯೇ ಕೆಲಸ ಮಾಡುತ್ತಿರುವ ಮೆದುಳಿನ ಒಂದು ಭಾಗ. ಹುಚ್ಚು ಇಳಿಯಿತು ಅನ್ನಿ, ಆದರೆ ಬೋರ್ಡುಗಳು ಹೆಸರು ಬದಲಿಸಿಕೊಂಡು ಇನ್ನೂ ನಿಂತಿವೆ.

ಈ ಅಂಗಡಿಗಳಿಗೆ ಹೋಗುವವರು ಯಾರು? ತಾಯಂದಿರು. ಏಕೆಂದರೆ ಶಾಲೆಯಿಂದ ಮೊದಲು ಬರುವ ಪ್ರಶ್ನೆ, ‘ನೀವು ಮನೇಲಿ ಕೂರಿಸ್ಕೊಂಡು ಓದಿಸಲ್ವಾ ಮೇಡಂ?’ ಅಪ್ಪಂದಿರನ್ನು ಯಾರಾದರೂ ಹೀಗೆ ಕೇಳಿದ್ದನ್ನು ನಾನು ಕಂಡಿಲ್ಲ. ಇದು ನಮ್ಮ ಊರಿನ ರೋಗವಷ್ಟೇ ಅಲ್ಲ. 1943ರಲ್ಲಿ ಲಿಯೋ ಕ್ಯಾನರ್ ಎಂಬ ವೈದ್ಯ ಅಮೆರಿಕದಲ್ಲಿ ಆಟಿಸಂ ಬಗ್ಗೆ ವಿವರವಾಗಿ ಬರೆದ ಮೇಲೆ, ಎಷ್ಟೋ ವರ್ಷ ಅಲ್ಲಿನ ಪಂಡಿತರು ತಾಯಿಯ ಪ್ರೀತಿ ತಣ್ಣಗಿರುವುದೇ ಇದಕ್ಕೆ ಕಾರಣ ಎಂದು ಹೇಳಿಕೊಂಡು ತಿರುಗಿದರು. ‘ರೆಫ್ರಿಜರೇಟರ್ ಮದರ್’ ಎಂಬ ಬಿರುದನ್ನೂ ದಯಪಾಲಿಸಿದರು. ಬ್ರೂನೋ ಬೆಟಲ್‌ಹೈಮ್ 1967ರಲ್ಲಿ ಇದನ್ನೇ ಒಂದು ದಪ್ಪ ಪುಸ್ತಕ ಮಾಡಿದ. ಅದಕ್ಕೆ ಮೂರು ವರ್ಷ ಮೊದಲೇ, ಆಟಿಸಂ ಇದ್ದ ಮಗನ ತಂದೆ ಬರ್ನಾರ್ಡ್ ರಿಮ್ಲ್ಯಾಂಡ್, ಇದು ತಾಯಿಯ ತಪ್ಪಲ್ಲ, ಮೆದುಳಿನ ಬೆಳವಣಿಗೆಗೆ ಸೇರಿದ ಮಾತು ಎಂದು ಬರೆದಿದ್ದ. 1977ರಲ್ಲಿ ಇಂಗ್ಲೆಂಡಿನಲ್ಲಿ ಅವಳಿ ಮಕ್ಕಳ ಮೇಲೆ ನಡೆದ ಅಧ್ಯಯನ, ಇದರಲ್ಲಿ ಅನುವಂಶೀಯತೆಯ ಪಾಲು ದೊಡ್ಡದು ಎಂದು ತೋರಿಸಿತು. ವಿಜ್ಞಾನ ತಾಯಂದಿರನ್ನು ಬಿಡುಗಡೆ ಮಾಡಿ ಅರ್ಧ ಶತಮಾನವಾಗುತ್ತ ಬಂತು. ಪೇರೆಂಟ್ಸ್ ಮೀಟಿಂಗಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹಾಗಾದರೆ ವಿಜ್ಞಾನ ಹೇಳುವುದೇನು? ಓದಿನ ಮಾತನ್ನೇ ತೆಗೆದುಕೊಳ್ಳಿ. ಮಾತು ನಮಗೆ ಹುಟ್ಟಿನಿಂದ ಬಂದದ್ದು, ಓದು ಹಾಗಲ್ಲ. ಬರವಣಿಗೆ ಹುಟ್ಟಿ ಹೆಚ್ಚೆಂದರೆ ಐದೂವರೆ ಸಾವಿರ ವರ್ಷ. ಅಷ್ಟರಲ್ಲಿ ಮೆದುಳು ಓದಿಗೆಂದೇ ಹೊಸ ಕೋಣೆ ಕಟ್ಟಿಕೊಳ್ಳಲಾರದು. ಫ್ರಾನ್ಸಿನ ವಿಜ್ಞಾನಿ ಸ್ತಾನಿಸ್ಲಾಸ್ ದೆಹೇನ್ 2007ರಲ್ಲಿ ಬಂದ ತಮ್ಮ ಪುಸ್ತಕದಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ. ಮುಖಗಳನ್ನೂ ವಸ್ತುಗಳನ್ನೂ ಗುರುತಿಸಲು ಇರುವ ಜಾಗದಲ್ಲಿ, ಎಡಗಡೆಯ ಒಂದು ಮೂಲೆಯನ್ನು ಮೆದುಳು ಅಕ್ಷರಗಳಿಗೆ ಬಿಟ್ಟುಕೊಡುತ್ತದೆ. ಅಲ್ಲಿಂದ ಮಾತಿನ ಜಾಗಕ್ಕೆ ದಾರಿ ಮಾಡಿಕೊಳ್ಳುತ್ತದೆ. ಬಾಡಿಗೆಗೆ ಹಿಡಿದ ಕೋಣೆ ಎನ್ನಿ. ಹಳೆಯ ಬಾಡಿಗೆದಾರರ ಅಭ್ಯಾಸಗಳು ಅಲ್ಲಿ ಇನ್ನೂ ಇರುತ್ತವೆ. ಬೆಕ್ಕು ಎಡಕ್ಕೆ ಮುಖ ಮಾಡಿದರೂ ಬೆಕ್ಕೇ, ಬಲಕ್ಕೆ ಮಾಡಿದರೂ ಬೆಕ್ಕೇ. ಅದಕ್ಕೇ ಪುಟ್ಟ ಮಕ್ಕಳು ಇಂಗ್ಲಿಷಿನ ‘ಬಿ’, ‘ಡಿ’ಗಳನ್ನು ಮಗುಚಿ ಬರೆಯುವುದು. ಆ ವಯಸ್ಸಿಗೆ ಅದು ಸಹಜ, ಬೆತ್ತಕ್ಕೆ ಅಲ್ಲಿ ಕೆಲಸವಿಲ್ಲ.

ಡಿಸ್ಲೆಕ್ಸಿಯ ಇರುವ ಮಗುವಿನ ತೊಡಕು ಹೆಚ್ಚಾಗಿ ಕಣ್ಣಿನದಲ್ಲ, ಧ್ವನಿಯನ್ನೂ ಅಕ್ಷರವನ್ನೂ ಹೆಣೆಯುವ ಆ ದಾರಿಯದು. ಓದುವಾಗ ಮೆದುಳಿನ ಚಿತ್ರ ತೆಗೆದರೆ ಎಡಗಡೆಯ ಈ ಜಾಗಗಳಲ್ಲಿ ಚಟುವಟಿಕೆ ಕಡಿಮೆ ಕಾಣುತ್ತದೆ. ಧ್ವನಿ ಮತ್ತು ಅಕ್ಷರವನ್ನು ಕ್ರಮವಾಗಿ ಜೋಡಿಸಿ ಪಾಠ ಹೇಳಿಕೊಟ್ಟ ಮೇಲೆ ಅದೇ ಮಕ್ಕಳಲ್ಲಿ ಅದು ಹೆಚ್ಚುತ್ತದೆ ಎಂದು ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಸ್ಯಾಲಿ ಶೇವಿಟ್ಜ್ ಮತ್ತು ಸಂಗಡಿಗರು 2004ರಲ್ಲಿ ತೋರಿಸಿದರು. ಗಮನಿಸಿ, ಬದಲಾದದ್ದು ಪಾಠದಿಂದ. ಮಾತ್ರೆಯಿಂದಲ್ಲ, ಟಾನಿಕ್ಕಿನಿಂದಲ್ಲ, ‘ಇನ್ನಷ್ಟು ಹೊತ್ತು ಕೂತು ಓದು’ ಎಂಬ ಗದರಿಕೆಯಿಂದಂತೂ ಅಲ್ಲ.

ಇನ್ನು ನಮ್ಮ ಕನ್ನಡ. ಇದರ ಬಗ್ಗೆ ದೂರದ ದೇಶದವರನ್ನು ಕೇಳಬೇಕಾಗಿಲ್ಲ. ಬೆಂಗಳೂರಿನ ಸೊನಾಲಿ ನಾಗ್ ಕನ್ನಡ ಓದಲು ಕಲಿಯುವ ಮಕ್ಕಳ ನಡುವೆ ಕೆಲಸ ಮಾಡಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಸಾರ ಇದು: ಇಂಗ್ಲಿಷಿನ ಅಕ್ಷರಗಳನ್ನು ಮಕ್ಕಳು ಬೇಗ ಕಲಿತು ಮುಗಿಸುತ್ತಾರೆ, ಕನ್ನಡದ ಅಕ್ಷರ ಸಮೂಹ ಪೂರ್ತಿ ಕೈವಶವಾಗಲು ನಾಲ್ಕನೇ ತರಗತಿಯವರೆಗೂ ಬೇಕಾಗುತ್ತದೆ. ಆಶ್ಚರ್ಯವೇನು? ಅಲ್ಲಿ 26, ಇಲ್ಲಿ 49. ಕಾಗುಣಿತ ಸೇರಿಸಿದರೆ ನಾನೂರು ದಾಟುತ್ತದೆ, ಒತ್ತಕ್ಷರ ಬೇರೆ. ಅರ್ಕಾವತ್ತು ಹಾಕಿ ‘ಸೂರ್ಯ’ ಬರೆಯುವಾಗ ಬಾಯಲ್ಲಿ ಮೊದಲು ಬರುವ ‘ರ್’ ಕಾಗದದ ಮೇಲೆ ಕೊನೆಗೆ ಬರುತ್ತದೆ. ಹೊಟ್ಟೆ ಸೀಳಿದರೆ ಒಂದು ಅಕ್ಷರ, ನಡುವೆ ಚುಕ್ಕೆ ಇಟ್ಟರೆ ಇನ್ನೊಂದು. ಇಷ್ಟಾಗಿಯೂ ನಮ್ಮ ಲಿಪಿಗೆ ಒಂದು ದೊಡ್ಡ ಗುಣವಿದೆ. ಒಮ್ಮೆ ಕಲಿತರೆ ಬರೆದ ಹಾಗೆ ಓದಬಹುದು, ಇಂಗ್ಲಿಷಿನ ಹಾಗೆ ಪ್ರತಿ ಪದಕ್ಕೂ ಕಾಟವಿಲ್ಲ. ಬೇಕಾದದ್ದು ಸಮಯ. ಕೊಡದೆ ಇರುವುದು ಅದನ್ನೇ. ನಮ್ಮ ಸುತ್ತಲಿನ ಶಾಲೆಗಳಲ್ಲಿ ಯುಕೆಜಿಗೆ ವರ್ಣಮಾಲೆ ಮುಗಿಯಿತು, ಒಂದನೇ ಕ್ಲಾಸಿಗೆ ಕಾಗುಣಿತ ಮುಗಿಯಿತು, ಎರಡಕ್ಕೆ ಒತ್ತಕ್ಷರ, ಮೂರಕ್ಕೆ ಡಿಕ್ಟೇಷನ್. ಮೆದುಳು ಐದು ವರ್ಷ ಕೇಳುವುದನ್ನು ಮೂರು ವರ್ಷದಲ್ಲಿ ಮುಗಿಸಿ, ಮುಗಿಸಲಾಗದ ಮಗುವಿಗೆ ಒಂದು ಹೆಸರಿಡುತ್ತೇವೆ. ನಿಜವಾಗಿಯೂ ಡಿಸ್ಲೆಕ್ಸಿಯ ಇರುವ ಮಗು ಯಾವುದು, ಸುಮ್ಮನೆ ಸಮಯ ಸಾಲದ ಮಗು ಯಾವುದು ಎಂದು ಹೇಳುವ ಹಾಗೆಯೇ ಇಲ್ಲ.

ವರ್ಣಮಾಲೆಯ ಕ್ರಮವೂ ಹಾಗೆಯೇ. ಟ ಪಕ್ಕ ಠ, ದ ಪಕ್ಕ ಧ, ಬ ಪಕ್ಕ ಭ. ನಾಲಿಗೆ ಎಲ್ಲಿ ತಾಗುತ್ತದೆ ಎಂದು ನೋಡಿ ಜೋಡಿಸಿದ ಈ ಸಾಲು ವ್ಯಾಕರಣದ ಅದ್ಭುತ, ಸಂಶಯವಿಲ್ಲ. ಆದರೆ ಕೇಳಲು ಹತ್ತಿರ, ನೋಡಲೂ ಹತ್ತಿರ ಇರುವ ಎರಡು ವಸ್ತುಗಳನ್ನು ಒಂದೇ ದಿನ ಎದುರಿಗಿಟ್ಟು ಗುರುತು ಹಿಡಿ ಎಂದರೆ ಐದು ವರ್ಷದ ಮಗುವಿಗೆ ಅದು ಸಂಕಟ. ಹೊಸ ಸೊಸೆಗೆ ಮೊದಲ ದಿನವೇ ಮನೆಯ ಅವಳಿ ನಾದಿನಿಯರನ್ನು ಪರಿಚಯಿಸಿ ಯಾರು ಯಾರೆಂದು ಪರೀಕ್ಷೆ ಮಾಡಿದ ಹಾಗೆ!

ಇದನ್ನು ಯಾವ ಸ್ಕ್ಯಾನಿಂಗ್ ಯಂತ್ರವೂ ಇಲ್ಲದೆ ಕಂಡುಕೊಂಡವರು ನಮ್ಮಲ್ಲೇ ಇದ್ದರು. 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಸರ್ಕಾರಿ ಶಾಲೆಯ ಕೆಲವು ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಯ ಮಾದರಿ ನೋಡಿ ಬಂದು, ಯುನಿಸೆಫ್ ನೆರವಿನಿಂದ ‘ನಲಿ-ಕಲಿ’ ಶುರುಮಾಡಿದರು. ಅಲ್ಲಿ ಅಕ್ಷರಗಳು ‘ಅ ಆ’ದಿಂದ ಹೊರಡುವುದಿಲ್ಲ, ‘ರ ಗ ಸ ದ ಅ’ದಿಂದ ಹೊರಡುತ್ತವೆ. ಐದೂ ಒಂದರಂತೆ ಒಂದಿಲ್ಲ, ಐದೇ ಅಕ್ಷರಕ್ಕೆ ಸರ, ದರ, ಅರಸ, ಗರಗಸ ಎಂದು ನಿಜವಾದ ಪದಗಳು ಕೈಗೆ ಬಂದುಬಿಡುತ್ತವೆ. ಪ್ರತಿ ಮಗುವೂ ತನ್ನ ಕಲಿಕೆಯ ಏಣಿಯಲ್ಲಿ ತಾನು ನಿಂತ ಮೆಟ್ಟಿಲಿನಿಂದ ಮುಂದಕ್ಕೆ, ಕಾರ್ಡು ಹಿಡಿದು, ನೆಲದ ಮೇಲೆ ಓಡಾಡಿಕೊಂಡು ಹತ್ತಬೇಕು. ಪಕ್ಕದವನು ಎಲ್ಲಿದ್ದಾನೆ ಎಂಬ ಚಿಂತೆ ಬೇಡ. 2009-10ರ ಹೊತ್ತಿಗೆ ಸರ್ಕಾರ ಇದನ್ನು ರಾಜ್ಯದ ಕನ್ನಡ ಶಾಲೆಗಳ ಕೆಳಗಿನ ತರಗತಿಗಳಿಗೆಲ್ಲ ವಿಸ್ತರಿಸಿತು. ಆಮೇಲೆ ಏನಾಯಿತು ಎನ್ನುವುದು ಬೇರೆಯೇ ಗೋಳು. ಮೂರು ತರಗತಿಗೆ ಒಂದೇ ಕೋಣೆ, ಒಬ್ಬರೇ ಟೀಚರು, ಅವರಿಗೆ ಜನಗಣತಿಯೂ ಚುನಾವಣೆಯೂ ಬಿಸಿಯೂಟದ ಲೆಕ್ಕವೂ. ಆದರೂ ಹೇಳುತ್ತೇನೆ, ಹೊರಮಾವಿನ ಅಪಾರ್ಟ್‌ಮೆಂಟಿನವರು ಮೂಗು ಮುರಿಯುವ ಸರ್ಕಾರಿ ಶಾಲೆಯ ಆ ಹರಿದ ಕಾರ್ಡುಗಳಲ್ಲಿ ಮೆದುಳಿಗೆ ಒಪ್ಪುವ ಪಾಠ ಇದೆ. ಲಕ್ಷ ರೂಪಾಯಿ ಫೀಸಿನ ಸ್ಮಾರ್ಟ್ ಬೋರ್ಡಿನಲ್ಲಿ ಇನ್ನೂ ‘ಹತ್ತು ಸಲ ಬರೆ’ ಇದೆ.

ಹತ್ತು ಸಲ ನೋಡಿ ಬರೆದರೆ ಕೈ ಕಲಿಯುತ್ತದೆಯೇ ಹೊರತು ನೆನಪು ಕಲಿಯುವುದಿಲ್ಲ. ಒಮ್ಮೆ ನೋಡಿ, ಮುಚ್ಚಿಟ್ಟು, ನೆನಪಿಸಿಕೊಂಡು ಬರೆಯಬೇಕು. ನಾಳೆ ಒಮ್ಮೆ, ನಾಲ್ಕು ದಿನ ಬಿಟ್ಟು ಇನ್ನೊಮ್ಮೆ. ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕ್ 2006ರಲ್ಲಿ ಕಾಲೇಜು ವಿದ್ಯಾರ್ಥಿಗಳ ಮೇಲೆ ಮಾಡಿ ತೋರಿಸಿದ್ದು ಇದನ್ನೇ. ಮತ್ತೆ ಮತ್ತೆ ಓದಿದವರಿಗಿಂತ, ಮುಚ್ಚಿಟ್ಟು ನೆನಪಿಸಿಕೊಂಡವರಿಗೆ ವಾರದ ನಂತರ ಹೆಚ್ಚು ನೆನಪಿತ್ತು. ಖರ್ಚು ಎಷ್ಟು? ಸೊನ್ನೆ.

ಈಗ ನನಗೆ ತೀರ ಹೊಟ್ಟೆಯುರಿಸುವ ಸಂಗತಿಗೆ ಬರುತ್ತೇನೆ. ಮಗುವಿಗೆ ಡಿಸ್ಲೆಕ್ಸಿಯ ಎಂದು ಸರ್ಟಿಫಿಕೇಟು ಸಿಕ್ಕಿದ ಕೂಡಲೇ ನಮ್ಮ ಕಡೆ ಮೊದಲು ಆಗುವ ಕೆಲಸ ಯಾವುದು ಗೊತ್ತೇ? ಕನ್ನಡ ಬಿಡಿಸುವುದು. ಸಿಬಿಎಸ್‌ಇಯಲ್ಲಿ ಇಂಥ ಮಕ್ಕಳು ಎರಡು ಭಾಷೆಯ ಬದಲು ಒಂದನ್ನೇ ಓದಬಹುದೆಂಬ ಅನುಕೂಲವಿದೆ. ಸದುದ್ದೇಶದ್ದೇ. ಆ ಒಂದು ಯಾವುದಾಗುತ್ತದೆ ಎಂದು ಹೇಳಬೇಕಾಗಿಲ್ಲ. ‘ಕನ್ನಡ ಒಂದು ತೆಗೆಸಿಬಿಟ್ವಿ ಆಂಟಿ, ಪಾಪ ಅವನಿಗೂ ರಿಲೀಫು,’ ಎಂದು ಪಕ್ಕದ ಮನೆಯಾಕೆ ಒಮ್ಮೆ ಹೇಳಿದಳು. ಮನೆಯಲ್ಲಿ ಮಾತು ಕನ್ನಡ. ಹುಡುಗ ಚಿಗುರಿದ್ದು ಕನ್ನಡದಲ್ಲಿ. ಬರೆದ ಹಾಗೆ ಓದಬಹುದಾದ ಲಿಪಿಯನ್ನು ಕಿತ್ತುಕೊಂಡು, ಬರೆಯುವುದೊಂದು ಓದುವುದೊಂದು ಆದ ಭಾಷೆಯನ್ನು ಉಳಿಸಿ, ಇದಕ್ಕೆ ರಿಲೀಫು ಎಂದು ಹೆಸರು. ಹತ್ತನೇ ಕ್ಲಾಸಿನಲ್ಲಿ ಪರೀಕ್ಷೆಯ ಭಾರ ಇಳಿಸುವುದು ಒಂದು ಮಾತು, ಅದಕ್ಕೆ ನನ್ನ ವಿರೋಧವಿಲ್ಲ. ಎಂಟು ವರ್ಷದ ಮಗುವಿಗೆ ಕಲಿಸದೇ ಇರುವುದು ಇನ್ನೊಂದು ಮಾತು. ಅದು ರಿಯಾಯಿತಿ ಅಲ್ಲ, ಶಾಲೆಯ ಮೈಗಳ್ಳತನಕ್ಕೆ ಮಗುವಿನ ಹೆಸರಿನಲ್ಲಿ ಸಿಕ್ಕ ರಜೆ.

ಆಟಿಸಂ ಇರುವ ಮಕ್ಕಳ ಮನೆಯಲ್ಲಿ ಇದು ಇನ್ನೂ ಕ್ರೂರ. ಮಾತು ತಡವಾಗಿ ಬರುವ ಮಗುವಿನ ತಾಯಿಗೆ, ‘ಮನೆಯಲ್ಲಿ ಎಲ್ಲರೂ ಇಂಗ್ಲಿಷೇ ಮಾತಾಡಿ, ಮಗು ಕನ್‌ಫ್ಯೂಸ್ ಆಗುತ್ತೆ’ ಎಂದು ಹೇಳುವವರು ಇವತ್ತಿಗೂ ಇದ್ದಾರೆ. ಎರಡು ಭಾಷೆ ಕೇಳಿದ್ದರಿಂದ ಇಂಥ ಮಕ್ಕಳ ಮಾತು ಹಿಂದೆ ಬೀಳುತ್ತದೆ ಎಂಬುದಕ್ಕೆ ಅಧ್ಯಯನಗಳಲ್ಲಿ ಆಧಾರ ಸಿಕ್ಕಿಲ್ಲ. ಆಧಾರವಿಲ್ಲದ ಈ ಸಲಹೆಯಿಂದ ಮನೆಯಲ್ಲಿ ಆಗುವುದೇನು? ಅಜ್ಜಿ ಮೂಕಿಯಾಗುತ್ತಾಳೆ. ತಾಯಿ ತನಗೆ ಅರೆಬರೆ ಬರುವ ಭಾಷೆಯಲ್ಲಿ, ‘ಕಮ್’, ‘ಸಿಟ್’, ‘ಈಟ್’ ಎಂಬ ಮೂರು ಆಜ್ಞೆಗಳಲ್ಲಿ ಮಗುವಿನ ಜೊತೆ ಸಂಸಾರ ಮಾಡುತ್ತಾಳೆ. ಲಾಲಿ ಇಲ್ಲ, ‘ಚಂದಮಾಮ ನೋಡು’ ಇಲ್ಲ, ‘ನನ್ ಬಂಗಾರ’ ಇಲ್ಲ. ಮಾತು ಕಲಿಯಲು ಮಾತು ಬೇಕಾದ ಮಗುವಿಗೆ ಮನೆಯ ಮಾತನ್ನೇ ಬಂದ್ ಮಾಡುವ ಈ ವೈದ್ಯಕ್ಕೆ ಏನೆನ್ನಬೇಕು?

ಸರ್ಟಿಫಿಕೇಟಿನ ವಿಷಯಕ್ಕೇ ಮತ್ತೆ ಬರೋಣ. 1995ರ ಅಂಗವಿಕಲರ ಕಾಯ್ದೆಯಲ್ಲಿ ಏಳೇ ಬಗೆಗಳಿದ್ದವು, ಕಲಿಕೆಯ ತ್ರಾಸಿಗೆ ಅದರಲ್ಲಿ ಜಾಗವಿರಲಿಲ್ಲ. 2016ರ ಕಾಯ್ದೆ ಅವುಗಳನ್ನು 21ಕ್ಕೆ ಏರಿಸಿ, ಆಟಿಸಂ ಮತ್ತು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಸೇರಿಸಿತು. ಒಳ್ಳೆಯದೇ ಆಯಿತು. ಅದರ 16ನೇ ಕಲಮು ಶಾಲೆಗಳಿಗೆ ಹೇಳುವುದು ಎರಡು ಕೆಲಸ: ಆದಷ್ಟು ಬೇಗ ಗುರುತಿಸಿ, ತಕ್ಕ ಪಾಠಕ್ರಮ ಕೊಡಿ. ನಾವು ಮೊದಲನೆಯದನ್ನು ಹಿಡಿದುಕೊಂಡು ಎರಡನೆಯದನ್ನು ಮರೆತೆವು. 2018ರ ಸರ್ಕಾರಿ ಮಾರ್ಗಸೂಚಿಯಲ್ಲಿ ಇನ್ನೊಂದು ಬೇಲಿ ಇತ್ತು. ಐಕ್ಯೂ 85 ದಾಟಿದ ಮಗುವಿಗೆ ಮಾತ್ರ ಮುಂದಿನ ಪರೀಕ್ಷೆ. ಆದರೆ 2011ರಲ್ಲಿ ಸ್ಟ್ಯಾನ್‌ಫರ್ಡಿನ ಫುಮಿಕೊ ಹೊಫ್ಟ್ ಮತ್ತು ಸಂಗಡಿಗರು ಓದಲು ತೊಡಕಿರುವ ಮಕ್ಕಳ ಮೆದುಳಿನ ಚಿತ್ರಗಳನ್ನು ಹೋಲಿಸಿದಾಗ, ಐಕ್ಯೂ ಹೆಚ್ಚಿದ್ದ ಮಕ್ಕಳಲ್ಲೂ ಕಡಿಮೆ ಇದ್ದವರಲ್ಲೂ ಒಂದೇ ಬಗೆಯ ಕುಂದು ಕಂಡಿತ್ತು.

ಇದು ಏಕೆ ಮುಖ್ಯ ಎಂದರೆ, ಸಂಜೆ ನಮ್ಮ ಮನೆಯ ವರಾಂಡದಲ್ಲಿ ನಾನು ಕನ್ನಡ ಹೇಳಿಕೊಡುವ ಮಕ್ಕಳಲ್ಲಿ ಇಬ್ಬರು ಹುಡುಗರಿದ್ದಾರೆ. ಒಬ್ಬ ಆ ಪಕ್ಕದ ಮನೆಯವನು. ಇನ್ನೊಬ್ಬ, ಅದೇ ಮನೆಯಲ್ಲಿ ಪಾತ್ರೆ ತೊಳೆಯುವ, ಕಲಬುರಗಿ ಕಡೆಯಿಂದ ಬಂದ ಹೆಂಗಸಿನ ಮಗ. ಇಬ್ಬರೂ ತಡವರಿಸುವ ಜಾಗ ಒಂದೇ. ಇಬ್ಬರಿಗೂ ಒತ್ತಕ್ಷರ ಕಂಡರೆ ಬೆವರು. ಮೊದಲನೆಯವನಿಗೆ ಸರ್ಟಿಫಿಕೇಟಿದೆ, ಥೆರಪಿಸ್ಟ್ ಇದ್ದಾರೆ, ಪರೀಕ್ಷೆಯಲ್ಲಿ ಹೆಚ್ಚಿನ ಸಮಯವಿದೆ. ಎರಡನೆಯವನಿಗೆ? ‘ಇವಗ ತಲಿ ಇಲ್ಲ ಅಂತಾರ್ರೀ ಅಕ್ಕಾರ, ಗ್ಯಾರೇಜಿಗೆ ಹಾಕ್ರಿ ಅಂದ್ರು,’ ಎಂದಳು ಅವನ ತಾಯಿ. ಒಬ್ಬನದು ಡಿಸ್ಲೆಕ್ಸಿಯ, ಇನ್ನೊಬ್ಬನದು ದಡ್ಡತನ. ವ್ಯತ್ಯಾಸ ಮೆದುಳಿನದಲ್ಲ, ಬಾಡಿಗೆ ಕರಾರಿನದು. ಇಬ್ಬರಿಗೂ ನಾನು ಮಾಡುವುದು ಒಂದೇ, ಐದಕ್ಷರ, ಬಾಯಿಬಿಟ್ಟು ಹೇಳುವುದು, ಮುಚ್ಚಿಟ್ಟು ಬರೆಯುವುದು. ಕೆಲಸದವಳ ಮಗನೇ ಸ್ವಲ್ಪ ಮುಂದಿದ್ದಾನೆ. ಅವನಿಗೆ ಯಾರೂ ಕನ್ನಡ ಬಿಡಿಸಿಲ್ಲವಲ್ಲ!

ಇನ್ನು ಆ ಕೈ ಕಟ್ಟುವ ವಿಷಯ. ವಿಜ್ಞಾನಿಗಳು ‘ವರ್ಕಿಂಗ್ ಮೆಮೊರಿ’ ಎನ್ನುವುದು ನಮ್ಮ ಅಡುಗೆ ಕಟ್ಟೆಯ ಹಾಗೆ. ನಾಲ್ಕು ಪಾತ್ರೆಗೆ ಜಾಗ, ಐದನೆಯದು ಇಟ್ಟರೆ ಒಂದು ಬೀಳುತ್ತದೆ. ಎಡಿಎಚ್‌ಡಿ ಇರುವ ಅನೇಕ ಮಕ್ಕಳಿಗೆ ಆ ಕಟ್ಟೆ ಇನ್ನೂ ಚಿಕ್ಕದು. ‘ಪುಸ್ತಕ ತೆಗಿ, ನಲವತ್ತೆರಡನೇ ಪುಟ, ಮೂರನೇ ಪ್ರಶ್ನೆ, ಮಾರ್ಜಿನ್ ಹಾಕಿ ಬರಿ’ ಎಂದು ಒಂದೇ ಉಸಿರಿನಲ್ಲಿ ಹೇಳಿದರೆ ಮಗುವಿಗೆ ಉಳಿಯುವುದು ಮಾರ್ಜಿನ್ ಮಾತ್ರ. ಮಾತು ಕೇಳುವುದಿಲ್ಲ ಎಂದು ಡೈರಿಯಲ್ಲಿ ಬರೆದು ಕಳಿಸುತ್ತಾರೆ. ಫ್ಲಾರಿಡಾದಲ್ಲಿ ಮಾರ್ಕ್ ರಾಪೋರ್ಟ್ ಮತ್ತು ಸಂಗಡಿಗರು 2015ರಲ್ಲಿ ಪ್ರಕಟಿಸಿದ ಅಧ್ಯಯನ ಓದಿದಾಗ ನನಗೆ ನಗುವೂ ಬಂತು, ಸಿಟ್ಟೂ ಬಂತು. ಈ ಮಕ್ಕಳು ಕುರ್ಚಿಯಲ್ಲಿ ಅಲುಗಾಡುತ್ತಿದ್ದಾಗಲೇ ನೆನಪಿನ ಕೆಲಸವನ್ನು ಚೆನ್ನಾಗಿ ಮಾಡಿದರಂತೆ. ಅಂದರೆ ನಾವು ಇಷ್ಟು ಕಾಲ ಕಟ್ಟಿಹಾಕಿದ್ದು ಮಗು ಎಚ್ಚರವಿರಲು ಹಿಡಿದುಕೊಂಡಿದ್ದ ಹಗ್ಗವನ್ನು. ಹೆದರಿಕೆಯೂ ಇದೇ ಕಟ್ಟೆಯ ಮೇಲೆ ಜಾಗ ಹಿಡಿಯುತ್ತದೆ. ಮಗುವನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ನಿಷೇಧಿಸಿದೆ. ಬೆತ್ತ ಹೋಯಿತು. ಎಲ್ಲರೆದುರು ತಪ್ಪು ತಪ್ಪಾಗಿ ಗಟ್ಟಿಯಾಗಿ ಓದಿಸುವುದು ಉಳಿದಿದೆ.

‘ನಲವತ್ತು ಮಕ್ಕಳಲ್ಲಿ ಒಬ್ಬೊಬ್ಬರ ಮೆದುಳು ನೋಡಿಕೊಂಡು ಕೂರಲು ಆಗುತ್ತದೆಯೇ?’ ಎಂದು ಟೀಚರುಗಳು ಕೇಳುತ್ತಾರೆ. ಅವರ ಕಷ್ಟ ನನಗೆ ಗೊತ್ತು, ಸಂಬಳವೂ ಗೊತ್ತು. ಮೆದುಳಿನ ಚಿತ್ರ ನೋಡಿ ಸೋಮವಾರದ ಪಾಠ ಬರೆಯಲಾಗದು ಎಂಬುದೂ ನಿಜ. ಮೆದುಳಿಗೂ ತರಗತಿಗೂ ನಡುವೆ ಸೇತುವೆ ಬಹಳ ಉದ್ದ ಎಂದು ಜಾನ್ ಬ್ರೂಯರ್ 1997ರಲ್ಲೇ ಎಚ್ಚರಿಸಿದ್ದರು. ಆದರೆ ನಾನು ಮೇಲೆ ಹೇಳಿದ್ದರಲ್ಲಿ ನಲವತ್ತು ಮಕ್ಕಳಿಗೂ ಒಟ್ಟಿಗೇ ಮಾಡಲಾಗದ್ದು ಯಾವುದಿದೆ? ಒಂದು ಸಲಕ್ಕೆ ಒಂದೇ ಸೂಚನೆ ಕೊಟ್ಟರೆ ಚುರುಕು ಮಗುವಿಗೇನೂ ನಷ್ಟವಿಲ್ಲ. ಇನ್ನೂ ಹೆಚ್ಚಿನ ನೆರವು ಬೇಕಾದ ಮಕ್ಕಳಿದ್ದಾರೆ, ಅಲ್ಲಿ ಬಲ್ಲವರೇ ಬೇಕು. ನಮ್ಮ ಈ ಪೂರ್ವದ ಬೆಂಗಳೂರಿಗೆ ಅಂಥವರು ಹೊಸಬರೂ ಅಲ್ಲ. 1959ರಲ್ಲಿ ಎನ್.ಎಸ್. ಹೇಮಾ ಅವರು ಕಟ್ಟಿದ, ಲಿಂಗರಾಜಪುರದ ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸೆಬಿಲಿಟಿ ಇದೆ, ಇಂದಿರಾನಗರದಲ್ಲಿ 1980ರಿಂದ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ ಇದೆ. ಮಾತು ತಡವಾದ ಪುಟ್ಟ ಮಕ್ಕಳಿಗಾಗಿ ಪ್ರತಿಭಾ ಕಾರಂತರು 2000ದ ಸುಮಾರಿಗೆ ನಮ್ಮ ನಗರದಲ್ಲೇ ‘ಕಾಮ್ ಡೀಲ್’ ಆರಂಭಿಸಿದರು. ಇವರಿಗೆಲ್ಲ ಗೊತ್ತಿರುವುದರಲ್ಲಿ ಹತ್ತನೇ ಒಂದು ಭಾಗವನ್ನಾದರೂ ಶಾಲೆಗಳು ವರ್ಷಕ್ಕೊಂದು ದಿನ ಕರೆಸಿ ಕೇಳಬಹುದಲ್ಲ. ವಾರ್ಷಿಕೋತ್ಸವದ ಶಾಮಿಯಾನದ ಖರ್ಚಿನಲ್ಲಿ ಆಗುವ ಕೆಲಸ. ಅಂದಹಾಗೆ, 2007ರ ‘ತಾರೇ ಜಮೀನ್ ಪರ್’ ನೋಡಿ ಅತ್ತವರಿಗೆ ಒಂದು ಮಾತು: ಓದಲು ಬಾರದ ಹುಡುಗ ಕೊನೆಗೆ ದೊಡ್ಡ ಚಿತ್ರಕಾರನಾಗಲೇಬೇಕೆಂದೇನಿಲ್ಲ. ಬಸ್ಸಿನ ಬೋರ್ಡು, ಔಷಧಿ ಚೀಟಿ, ಅಕ್ಕನ ಪತ್ರ ಓದಲು ಬಂದರೆ ಸಾಕು.

ಹೋದ ತಿಂಗಳು ಪಕ್ಕದ ಮನೆಯಾಕೆ ಪೇರೆಂಟ್ಸ್ ಮೀಟಿಂಗಿಗೆ ಹೊರಟಾಗ ನಾವಿಬ್ಬರೂ ಕೂತು ಒಂದು ಅರ್ಜಿ ಬರೆದೆವು. ಬೋರ್ಡಿನಿಂದ ಇಳಿಸಿಕೊಳ್ಳುವುದನ್ನು ಮುದ್ರಿಸಿದ ಹಾಳೆಯಲ್ಲಿ ಕೊಡಿ. ಬರೆದು ಮುಗಿಸದ ಶಿಕ್ಷೆಗೆ ಆಟದ ಪೀರಿಯಡ್ ಕತ್ತರಿಸಬೇಡಿ. ಕನ್ನಡವನ್ನು ಪರೀಕ್ಷೆ ಇಲ್ಲದೆ, ನಿಧಾನವಾಗಿ, ಮೊದಲಿನಿಂದ ಕಲಿಸಿ. ‘ಒಬ್ಬ ಸ್ಟೂಡೆಂಟ್‌ಗೆ ಮಾಡಿದ್ರೆ ಎಲ್ಲರೂ ಕೇಳ್ತಾರೆ ಮೇಡಂ,’ ಎಂದರಂತೆ ಅಲ್ಲಿ. ‘ಕೇಳ್ಲಿ ಬಿಡಿ ಮಿಸ್,’ ಎಂದು ಇವಳು ಅರ್ಜಿ ಟೇಬಲ್ಲಿನ ಮೇಲಿಟ್ಟು ಸೀಲು ಹಾಕಿಸಿಕೊಂಡು ಬಂದಿದ್ದಾಳೆ. ಉತ್ತರ ಇನ್ನೂ ಬಂದಿಲ್ಲ.